ಕೇಸಿನ ತಾರೀಖು ಎಲ್ಲಿ ನೋಡಬೇಕು? ಆ್ಯಪ್, ಮೆಸೇಜ್, ಯೂಟ್ಯೂಬ್, ನಕಲು ವಿಭಾಗ: ಯಾವುದು ಯಾವಾಗ

ನಮ್ಮ ಕಾಕಾನ ವಾಟ್ನಿ ದಾವೆಗೆ, ಅಂದರೆ ಆಸ್ತಿ ಪಾಲಿನ ಕೇಸಿಗೆ, ಈಗ ಹನ್ನೊಂದು ವರ್ಷ. ಗದಗ ಜಿಲ್ಲೆಯ ಒಂದು ಹಳ್ಳಿ, ಆರು ಎಕರೆ ಎರೆಹೊಲ, ನಾಲ್ಕು ಮಂದಿ ಪಾಲುದಾರರು. ತಾರೀಖು ಇದ್ದ ದಿನ ಕಾಕಾ ಬುತ್ತಿ ಕಟ್ಟಿಕೊಂಡು ಬೆಳಿಗ್ಗೆ ಆರರ ಬಸ್ಸು ಹಿಡಿಯುತ್ತಾರೆ. ಎರಡು ವರ್ಷದ ಹಿಂದೆ ಹೀಗೇ ಹೋದರೆ ಜಡ್ಜ್ ಸಾಹೇಬರು ರಜೆ. ಮುಂದಿನ ತಾರೀಖನ್ನು ಯಾರೋ ಹೇಳಿದರು, ಕಾಕಾ ಬಸ್ ಟಿಕೆಟಿನ ಹಿಂದೆ ಬರೆದುಕೊಂಡರು. ಟಿಕೆಟ್ ಅಂಗಿಯ ಜೊತೆ ಒಗೆಯಲು ಹೋಯಿತು. ಆ ತಾರೀಖಿಗೆ ಕಾಕಾ ಸಾಕ್ಷಿ ಹೇಳಬೇಕಿತ್ತು. ಅವರು ಬರಲಿಲ್ಲ. ವಕೀಲರು ಟೈಮ್ ಕೇಳಿ, ಐದುನೂರು ರೂಪಾಯಿ ಕಾಸ್ಟ್ ಕಟ್ಟಿ ಬಂದರು.

ನಾನು ಹುಬ್ಬಳ್ಳಿಯಲ್ಲಿ ಝೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿ ಹಾಕುವ ಅಂಗಡಿ ಇಟ್ಟಿದ್ದೇನೆ. "ಅಣ್ಣಾರ, ಇದರ ತಾರೀಖ ಸ್ವಲ್ಪ ನೋಡಿ ಹೇಳ್ರಿ" ಎನ್ನುವವರು ದಿನಾ ಬರುತ್ತಾರೆ. ಊರಿಗೆಲ್ಲ ನೋಡಿಕೊಡುವವನಿಗೆ ಸ್ವಂತ ಕಾಕಾನಿಗೆ ಹೇಳಿಕೊಡಬೇಕು ಅಂತ ಹೊಳೆದಿರಲಿಲ್ಲ ನೋಡಿ. ಆಮೇಲೆ ಕುಳಿತು, ಕೋರ್ಟಿನ ಮಾಹಿತಿ ಸಿಗುವ ದಾರಿಗಳನ್ನೆಲ್ಲ ಒಂದೊಂದಾಗಿ ತಿರುವಿ ನೋಡಿದೆ.

ದಾರಿ ಆರಿಸುವ ಮೊದಲು ನಿಮಗೆ ಏನು ಬೇಕು ಅನ್ನೋದು ಗೊತ್ತಿರಬೇಕು. ಮುಂದಿನ ತಾರೀಖು ಬೇಕಾ? ಹೋದ ತಾರೀಖಿಗೆ ಒಳಗೆ ಏನಾಯಿತು ಅಂತ ಬೇಕಾ? ಅಥವಾ ಬ್ಯಾಂಕಿನಲ್ಲೋ ತಹಸೀಲ್ದಾರ ಕಚೇರಿಯಲ್ಲೋ ಇಡುವ ಕಾಗದ ಬೇಕಾ? ಈ ಮೂರಕ್ಕೂ ಒಂದೇ ಕಡೆ ಕೈಚಾಚಿದರೆ ಕೆಲಸ ಕೆಡುತ್ತದೆ. ಅಂಗಡಿಗೆ ಬರುವವರಲ್ಲಿ ಜಾಸ್ತಿ ಮಂದಿ ಮಾಡುವ ತಪ್ಪು ಇದೇ. ನೆಟ್‌ನಲ್ಲಿ ಸಿಕ್ಕ ತೀರ್ಪಿನ ಪ್ರಿಂಟ್ ತೆಗೆಸಿ, ಉತಾರದಲ್ಲಿ (ಪಹಣಿಯಲ್ಲಿ) ಹೆಸರು ಏರಿಸಲು ಹೋಗಿ, ವಾಪಸ್ ಬರುತ್ತಾರೆ.

ಇ-ಕೋರ್ಟ್ಸ್: ತಾರೀಖಿಗೆ ಇದಕ್ಕಿಂತ ಒಳ್ಳೆಯದಿಲ್ಲ

ಜಿಲ್ಲಾ ಮತ್ತು ತಾಲ್ಲೂಕು ಕೋರ್ಟಿನ ಕೇಸುಗಳಿಗೆ ಇ-ಕೋರ್ಟ್ಸ್ ಸರ್ವಿಸಸ್ ಎಂಬ ವೆಬ್‌ಸೈಟ್ ಮತ್ತು ಆ್ಯಪ್ ಇದೆ. 2007ರಲ್ಲಿ ಶುರುವಾದ ಯೋಜನೆ. 2023ರಲ್ಲಿ ಅದರ ಮೂರನೇ ಹಂತಕ್ಕೆ ಕೇಂದ್ರ ಸರ್ಕಾರ 7,210 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. ನೋಡಲು ದುಡ್ಡು ಕೊಡಬೇಕಿಲ್ಲ.

ಹುಡುಕಲು ಹಲವು ದಾರಿ ಇವೆ: ಸಿಎನ್‌ಆರ್ ನಂಬರ್, ಕೇಸ್ ನಂಬರ್, ಪಕ್ಷಗಾರರ ಹೆಸರು, ವಕೀಲರ ಹೆಸರು, ಎಫ್‌ಐಆರ್ ನಂಬರ್. ನನ್ನ ಮಾತು ಕೇಳುವುದಾದರೆ ಸಿಎನ್‌ಆರ್ ಬಿಟ್ಟು ಬೇರೆಯದಕ್ಕೆ ಕೈ ಹಾಕಬೇಡಿ. ಅದು ಹದಿನಾರು ಅಕ್ಷರ ಮತ್ತು ಅಂಕಿಗಳ ನಂಬರ್. ಮೊದಲ ಎರಡು ಅಕ್ಷರ ರಾಜ್ಯದ್ದು, ನಮ್ಮದು ಕೆ ಮತ್ತು ಎ. ಮುಂದಿನ ಎರಡು ಜಿಲ್ಲೆಯದು. ಆಮೇಲೆ ಕೋರ್ಟಿನ ಗುರುತಿಗೆ ಎರಡು ಅಂಕಿ, ಕೇಸಿನ ಸರಣಿಗೆ ಆರು ಅಂಕಿ, ಕೊನೆಗೆ ನಾಲ್ಕು ಅಂಕಿ ಇಸವಿ. ಕೇಸು ಒಂದು ಹಾಲ್‌ನಿಂದ ಇನ್ನೊಂದಕ್ಕೆ ಹೋದಾಗ ಹುಡುಕಾಡುವ ತಾಪತ್ರಯ ಇದರಿಂದ ತಪ್ಪುತ್ತದೆ. ಅಂಗಡಿಯಲ್ಲಿ ಕಂಡ ಒಂದೇ ತೊಂದರೆ ಅಂದರೆ ಅಂಕಿಯ ಸೊನ್ನೆಯನ್ನು ಇಂಗ್ಲಿಷಿನ 'ಓ' ಅಂತ ಹೊಡೆಯುವುದು. ಮೊದಲ ನಾಲ್ಕು ಅಕ್ಷರ ಆದ ಮೇಲೆ ಬರುವುದೆಲ್ಲ ಸಾಮಾನ್ಯವಾಗಿ ಅಂಕಿ. ಇಷ್ಟು ನೆನಪಿಟ್ಟರೆ ಸಾಕು.

ಈ ನಂಬರ್ ವಕೀಲರ ಹತ್ತಿರ ಇದ್ದೇ ಇರುತ್ತದೆ. ಕೇಳಲು ಸಂಕೋಚ ಬೇಡ. ಕಾಕಾ ಒಂಬತ್ತು ವರ್ಷ ಕೇಳಿರಲಿಲ್ಲ. "ಅವರಿಗೆ ಸಿಟ್ಟು ಬಂದೀತು" ಅಂತ ಹೆದರಿಕೆ! ಕೇಳಿದ ದಿನ ವಕೀಲರು ನಗುತ್ತಾ ತಮ್ಮ ಕಾರ್ಡಿನ ಹಿಂದೆ ಬರೆದುಕೊಟ್ಟರು.

ಹೆಸರಿನಿಂದ ಹುಡುಕುವುದು ಬೇರೆಯೇ ಆಟ. ಹೆಸರು ಇಂಗ್ಲಿಷಿನಲ್ಲಿ ಹೇಗೆ ದಾಖಲಾಗಿದೆಯೋ ಹಾಗೇ ಹೊಡೆಯಬೇಕು. ಯಲ್ಲಪ್ಪನಿಗೆ 'ವೈ' ಆದ ಮೇಲೆ 'ಎ' ಹಾಕುವವರಿದ್ದಾರೆ, 'ಇ' ಹಾಕುವವರೂ ಇದ್ದಾರೆ. ಬಸವರಾಜನ ನಡುವಿನ 'ಎ' ಒಂದು ಕಡೆ ಇರುತ್ತದೆ, ಇನ್ನೊಂದು ಕಡೆ ಇರುವುದಿಲ್ಲ. ಕಡಿಮೆ ಅಂದರೆ ಮೂರು ಅಕ್ಷರ ಕೊಡಬೇಕು, ಇಸವಿಯನ್ನೂ ಕೊಡಬೇಕು. ಮೂರೇ ಅಕ್ಷರ ಕೊಟ್ಟರೆ ಊರಿನ ಬಸಪ್ಪ, ಬಸಮ್ಮ, ಬಸನಗೌಡರೆಲ್ಲ ಬಂದು ಸಾಲಾಗಿ ನಿಲ್ಲುತ್ತಾರೆ.

ಆದರೂ ಹೆಸರಿನ ಹುಡುಕಾಟಕ್ಕೆ ಒಂದು ಒಳ್ಳೆಯ ಉಪಯೋಗ ಇದೆ. ಹೊಲ ಅಥವಾ ಪ್ಲಾಟ್ ಕೊಳ್ಳುವ ಮುಂಚೆ ಮಾರುವವನ ಹೆಸರು ಹೊಡೆದು ನೋಡಿ. ದಾವೆ ನಡೆಯುತ್ತಿರುವಾಗ ಕೊಂಡ ಆಸ್ತಿಗೆ ಆ ದಾವೆಯ ತೀರ್ಪು ಅಂಟಿಕೊಳ್ಳುತ್ತದೆ. ಆಸ್ತಿ ವರ್ಗಾವಣೆ ಕಾಯ್ದೆಯ 52ನೇ ಕಲಮು ಹೇಳುವುದು ಅದನ್ನೇ. ಇಸಿ (ಋಣಭಾರ ಪತ್ರ) ಕ್ಲೀನ್ ಇದೆ ಅಂತ ದಾವೆ ಇಲ್ಲ ಅಂತಲ್ಲ. ಹಾಗಂತ ಹೆಸರಿಗೆ ಏನೂ ಸಿಗಲಿಲ್ಲ ಅಂತ ನಿಶ್ಚಿಂತೆಯಿಂದ ಅಡ್ವಾನ್ಸ್ ಕೊಡಬೇಡಿ. ಅವನ ತಂಗಿ ಅವನ ಅಪ್ಪನ ಮೇಲೆ ಹಾಕಿದ ದಾವೆ ಅವನ ಹೆಸರಿನಲ್ಲಿ ಬರದೆಯೂ ಇರಬಹುದು.

ಕೇಸು ತೆರೆದುಕೊಂಡ ಮೇಲೆ ಎಲ್ಲರ ಕಣ್ಣು ಮೊದಲು ಹೋಗುವುದು ಮುಂದಿನ ತಾರೀಖಿಗೆ. ಅದರ ಕೆಳಗೇ ಕೇಸು ಯಾವ ಹಂತದಲ್ಲಿದೆ ಅಂತ ಬರೆದಿರುತ್ತದೆ. ನನ್ನ ಪ್ರಕಾರ ತಾರೀಖಿಗಿಂತ ಅದು ಮುಖ್ಯ. ಎವಿಡೆನ್ಸ್ ಅಂತಿದ್ದು ಸಾಕ್ಷಿ ನಿಮ್ಮದಾದರೆ ನೀವೇ ಹೋಗಬೇಕು, ತಪ್ಪಿಸುವ ಹಾಗಿಲ್ಲ. ಎದುರಿನವರಿಗೆ ಸಮನ್ಸ್ ಹೋಗಬೇಕು ಅಂತಿದ್ದರೆ ವಕೀಲರಿಗೆ ಒಂದು ಫೋನ್ ಮಾಡಿ ಕೇಳಿ. ಸಿವಿಲ್ ಕೇಸಾದರೆ ಬಸ್ಸಿನ ದುಡ್ಡು ಉಳಿದೀತು. ಕ್ರಿಮಿನಲ್ ಕೇಸಿನ ಆರೋಪಿಗೆ ಮಾತ್ರ ಈ ಲೆಕ್ಕ ಬೇಡ. ಕೋರ್ಟ್ ವಿನಾಯಿತಿ ಕೊಡದಿದ್ದರೆ ಪ್ರತಿ ತಾರೀಖಿಗೂ ಹಾಜರಾಗಬೇಕು, ಇಲ್ಲದಿದ್ದರೆ ವಾರಂಟ್ ಹೊರಡುತ್ತದೆ.

ಇನ್ನೂ ಕೆಳಗೆ ಬಂದರೆ ಇದುವರೆಗಿನ ತಾರೀಖುಗಳ ಪಟ್ಟಿ ಸಿಗುತ್ತದೆ. ಒಂದು ತಾರೀಖನ್ನು ಒತ್ತಿದರೆ ಅವತ್ತು ನಡೆದದ್ದು ಎರಡು ಸಾಲಿನಲ್ಲಿ ತೆರೆದುಕೊಳ್ಳುತ್ತದೆ. ಕಾಕಾನ ಕೇಸಿನ ಪಟ್ಟಿಯನ್ನು ಮೊದಲ ಸಲ ಓದಿ ಹೇಳಿದಾಗ ಅವರು ಸುಮಾರು ಹೊತ್ತು ಸುಮ್ಮನೆ ಕೂತರು. ಎಷ್ಟು ಸಲ ಎದುರಿನವರು ಟೈಮ್ ಕೇಳಿದ್ದರು, ಎಷ್ಟು ಸಲ ನಮ್ಮವರೇ ಕೇಳಿದ್ದರು, ಎಲ್ಲ ಅಲ್ಲಿತ್ತು. ನಮ್ಮವರ ಲೆಕ್ಕ ಕಡಿಮೆ ಏನೂ ಇರಲಿಲ್ಲ.

ಕುಂದೂ ಇದೆ. ತಾರೀಖು ಸಾಮಾನ್ಯವಾಗಿ ಸಂಜೆಯ ಹೊತ್ತಿಗೆ ಆ್ಯಪಿನಲ್ಲಿ ಬರುತ್ತದೆ, ಕೆಲವೊಮ್ಮೆ ಎರಡು ಮೂರು ದಿನ ಹಿಡಿಯುತ್ತದೆ. ಸಾಹೇಬರು ಒಮ್ಮೆಲೇ ರಜೆ ಹಾಕಿದರೆ ಬೆಳಿಗ್ಗೆ ಬಸ್ ಹತ್ತುವವನಿಗೆ ಅದು ಹೇಗೆ ಗೊತ್ತಾಗಬೇಕು? ಹಾಗಾಗಿ ಹಿಂದಿನ ಸಂಜೆ ಆ್ಯಪ್ ನೋಡಿ, ಬೆಳಿಗ್ಗೆ ವಕೀಲರ ಗುಮಾಸ್ತರಿಗೆ ಒಂದು ಫೋನ್ ಮಾಡಿ. ಎರಡೂ ಬೇಕು.

ಕೀಪ್ಯಾಡ್ ಫೋನ್ ಇದ್ದವರಿಗೆ ಮೆಸೇಜ್ ಸಾಕು. ಇಂಗ್ಲಿಷಿನಲ್ಲಿ 'ಇಕೋರ್ಟ್ಸ್' ಎಂದು ಬರೆದು, ಒಂದು ಜಾಗ ಬಿಟ್ಟು, ಸಿಎನ್‌ಆರ್ ನಂಬರ್ ಹೊಡೆದು 9766899899ಕ್ಕೆ ಕಳಿಸಬೇಕು. ಕೇಸಿನ ಸ್ಥಿತಿ ಮೆಸೇಜಿನಲ್ಲೇ ವಾಪಸ್ ಬರುತ್ತದೆ, ಇಂಗ್ಲಿಷಿನಲ್ಲಿ.

ಹುಡುಕಿದರೂ ಸಿಗದ ಕೇಸುಗಳು

"ಇ-ಕೋರ್ಟ್ಸ್‌ನಲ್ಲಿ ನಮ್ಮ ಕೇಸೇ ಇಲ್ಲ" ಅಂತ ಗಾಬರಿಯಾಗಿ ಬರುವವರಲ್ಲಿ ಹೆಚ್ಚಿನವರ ಕೇಸು ಇರುವುದು ಎಸಿ ಕೋರ್ಟಿನಲ್ಲಿ, ಅಂದರೆ ಉಪವಿಭಾಗಾಧಿಕಾರಿಗಳ ಮುಂದೆ. ಅದಕ್ಕೆ ಕೋರ್ಟ್ ಅಂತ ಹೆಸರಿದ್ದರೂ ಅದು ಕಂದಾಯ ಇಲಾಖೆಯದು. ಉತಾರ, ಖಾತೆ ಬದಲಾವಣೆಯ ತಕರಾರುಗಳು ತಹಸೀಲ್ದಾರ, ಎಸಿ, ಡಿಸಿ ಮುಂದೆ ನಡೆಯುತ್ತವೆ. ಅವನ್ನು ಇಲಾಖೆಯದೇ ಆದ ಆರ್‌ಸಿಸಿಎಂಎಸ್ ಎಂಬ ಜಾಲತಾಣದಲ್ಲಿ ನೋಡಬೇಕು. ಗ್ರಾಹಕರ ಆಯೋಗದ ಕೇಸು ಇ-ಜಾಗೃತಿಯಲ್ಲಿ. ಸರ್ಕಾರಿ ನೌಕರರ ಸೇವಾ ತಕರಾರಿನ ಕೆಎಟಿಗೆ ಅದರದೇ ವೆಬ್‌ಸೈಟ್. ಮೋಟಾರು ಅಪಘಾತದ ಪರಿಹಾರದ ಕೇಸು, ಅಂದರೆ ಎಂವಿಸಿ, ಇ-ಕೋರ್ಟ್ಸ್‌ನಲ್ಲೇ ಸಿಗುತ್ತದೆ.

ಬೇಲೂರಿನ ಹೈಕೋರ್ಟ್

ಹೈಕೋರ್ಟಿನ ಧಾರವಾಡ ಪೀಠ ಇರುವುದು ಧಾರವಾಡದ ಹತ್ತಿರದ ಬೇಲೂರಿನಲ್ಲಿ. ಅದು 2008ರಲ್ಲಿ ಸಂಚಾರಿ ಪೀಠವಾಗಿ ಶುರುವಾಗಿ 2013ರಲ್ಲಿ ಕಾಯಂ ಆಯಿತು. ಅದಕ್ಕೂ ಮೊದಲು ನಮ್ಮ ಕಡೆಯವರು ಒಂದು ಅಪೀಲಿಗೆ ರಾತ್ರಿ ಗಾಡಿ ಹತ್ತಿ ಬೆಂಗಳೂರಿಗೆ ಹೋಗಬೇಕಿತ್ತು. ಈಗ ಹೆದ್ದಾರಿ ಪಕ್ಕದ ಬೇಲೂರು ಸಾಕು. ಸಾಕು ಅಂದರೂ ಹಾವೇರಿಯವರಿಗೆ ಅದು ಸುಮಾರು ನೂರು ಕಿಲೋಮೀಟರ್. ಹಾಗಾಗಿ ಇಲ್ಲಿ ಆನ್‌ಲೈನ್ ಮಾಹಿತಿಯ ಬೆಲೆ ಇನ್ನೂ ಜಾಸ್ತಿ.

ಹೈಕೋರ್ಟಿಗೆ ಬೇರೆ ವೆಬ್‌ಸೈಟ್ ಇದೆ. ಅಲ್ಲಿ ಮೊದಲು ಪೀಠ ಆರಿಸಬೇಕು: ಬೆಂಗಳೂರು, ಧಾರವಾಡ ಅಥವಾ ಕಲಬುರಗಿ. ಎಷ್ಟೋ ಮಂದಿ ಇದನ್ನು ಗಮನಿಸದೆ ಬೆಂಗಳೂರಲ್ಲೇ ಹುಡುಕುತ್ತಾ ಕೂರುತ್ತಾರೆ. ಗುರುತು ಹಿಡಿಯುವುದು ಸುಲಭ. ಧಾರವಾಡದ ಕೇಸ್ ನಂಬರ್‌ಗಳು ಒಂದು ಲಕ್ಷದ ಮೇಲೆ ಶುರುವಾಗುತ್ತವೆ, ಕಲಬುರಗಿಯವು ಎರಡು ಲಕ್ಷದ ಮೇಲೆ. ಆರಂಕಿಯ ನಂಬರ್ ಒಂದರಿಂದ ಶುರುವಾಗಿದ್ದರೆ ಅದು ನಮ್ಮದು. ಈಚಿನ ತೀರ್ಪುಗಳ ತಲೆಯ ಮೇಲಿನ ಉಲ್ಲೇಖ ಸಂಖ್ಯೆಯಲ್ಲೂ 'ಕೆಎಚ್‌ಸಿ' ಆದ ಮೇಲೆ ಒಂದು 'ಡಿ' ಇರುತ್ತದೆ, ಧಾರವಾಡದ ಡಿ.

ಇಲ್ಲಿ ನನಗೆ ಬಹಳ ಇಷ್ಟವಾದದ್ದು ಡಿಸ್‌ಪ್ಲೇ ಬೋರ್ಡ್. ಯಾವ ಹಾಲ್‌ನಲ್ಲಿ ಎಷ್ಟನೇ ನಂಬರ್ ನಡೆಯುತ್ತಿದೆ ಅಂತ ಫೋನಿನಲ್ಲೇ ಕಾಣುತ್ತದೆ. ಹಿಂದಿನ ದಿನ ಕಾಸ್ ಲಿಸ್ಟ್ (ಆ ದಿನದ ಕೇಸುಗಳ ಪಟ್ಟಿ) ತೆಗೆದು ನಮ್ಮ ಕೇಸಿನ ಸರಣಿ ನಂಬರ್ ನೋಡಿಕೊಂಡಿದ್ದರೆ, ಹೊರಗೆ ಚಹಾ ಕುಡಿಯುತ್ತಲೇ ಪಾಳಿ ಎಷ್ಟು ದೂರ ಇದೆ ಅಂತ ತಿಳಿಯುತ್ತದೆ. ತಾಲ್ಲೂಕು ಕೋರ್ಟಿನಲ್ಲಿ ಈ ಕೆಲಸ ಮಾಡುವುದು ಕರೆಯುವವನ ಗಂಟಲು.

ಯೂಟ್ಯೂಬೋ, ಹಾಲ್‌ನ ಬೆಂಚೋ

ಕೋರ್ಟ್ ಕಲಾಪವನ್ನು ನೇರ ತೋರಿಸಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2018ರ ಸೆಪ್ಟೆಂಬರಿನಲ್ಲಿ, ಸ್ವಪ್ನಿಲ್ ತ್ರಿಪಾಠಿ ಪ್ರಕರಣದಲ್ಲಿ. ಕರ್ನಾಟಕ ಹೈಕೋರ್ಟ್ 2021ರಲ್ಲಿ ಯೂಟ್ಯೂಬಿನಲ್ಲಿ ಪ್ರಯೋಗ ಶುರು ಮಾಡಿತು. ಅದಕ್ಕಾಗಿ ಮಾಡಿದ ನಿಯಮಗಳು 2022ರ ಜನವರಿ 1ರಿಂದ ಜಾರಿಗೆ ಬಂದವು. ಎಲ್ಲ ಕೇಸೂ ನೇರ ಬರುವುದಿಲ್ಲ. ಗಂಡ ಹೆಂಡತಿಯ ಕೇಸು, ಲೈಂಗಿಕ ಅಪರಾಧ, ಪೋಕ್ಸೊ, ಇಂಥವು ಹೊರಗೆ. ತಾಲ್ಲೂಕು ಕೋರ್ಟಿನ ವಾಟ್ನಿ ದಾವೆಯನ್ನು ಯೂಟ್ಯೂಬಿನಲ್ಲಿ ಹುಡುಕಿ ಟೈಮ್ ಕಳೆಯಬೇಡಿ.

ನೇರ ಪ್ರಸಾರ ನೋಡಿ, ಆದರೆ ಕತ್ತರಿಸಿ ವಾಟ್ಸ್ಆ್ಯಪಿಗೆ ಹಾಕಬೇಡಿ. ಅನುಮತಿ ಇಲ್ಲದೆ ತುಣುಕು ಹಂಚುವುದಕ್ಕೆ ನಿಯಮದಲ್ಲೇ ತಡೆ ಇದೆ. 2024ರಲ್ಲಿ ನಮ್ಮ ಹೈಕೋರ್ಟಿನ ಕೆಲವು ತುಣುಕುಗಳು ದೇಶವೆಲ್ಲ ಸುತ್ತಿ ದೊಡ್ಡ ಗದ್ದಲವೇ ಆಯಿತು. ಸುಪ್ರೀಂ ಕೋರ್ಟ್ ತಾನಾಗಿಯೇ ಕೈಗೆತ್ತಿಕೊಂಡು, ಬಿಸಿಲು ಬಿತ್ತು ಅಂತ ಕಿಟಕಿ ಮುಚ್ಚುವುದು ಉತ್ತರ ಅಲ್ಲ, ಇನ್ನಷ್ಟು ಬಿಸಿಲು ಬರಬೇಕು ಅನ್ನುವ ಅರ್ಥದ ಮಾತು ಹೇಳಿ ಆ ಪ್ರಕರಣ ಮುಗಿಸಿತು. ಆ ಮಾತು ನನಗೆ ಹಿಡಿಸಿತು. ಆದರೆ ಕೇಸು ನಿಮ್ಮದಾಗಿದ್ದು ನಿಮ್ಮ ವಕೀಲರು ತಡಬಡಾಯಿಸಿದ ಹತ್ತು ಸೆಕೆಂಡು ಊರಿನ ಗ್ರೂಪಿನಲ್ಲಿ ಬಂದರೆ ಹೇಗಿರುತ್ತದೆ ಅಂತಲೂ ಯೋಚಿಸಬೇಕಲ್ವಾ?

ಹಾಲ್‌ನ ಬೆಂಚಿಗೆ ಇಂಥ ತೊಡಕಿಲ್ಲ. ಕೋರ್ಟ್ ತೆರೆದ ಬಾಗಿಲಿನದು ಅಂತ ಸಿವಿಲ್ ಪ್ರೊಸೀಜರ್ ಕೋಡ್‌ನ 153ಬಿ ಕಲಮು ಹೇಳುತ್ತದೆ. ಮುಚ್ಚಿದ ಬಾಗಿಲ ವಿಚಾರಣೆ ಅಂತ ಹೇಳದಿದ್ದರೆ, ಜಾಗ ಇರುವಷ್ಟು ಮಂದಿ ಒಳಗೆ ಹೋಗಿ ಕೂರಬಹುದು. ಯಾರ ಕೇಸು ಅನ್ನುವುದು ಮುಖ್ಯವಲ್ಲ. ಮೊದಲ ಸಲ ಸಾಕ್ಷಿ ಹೇಳಬೇಕಾದವರಿಗೆ ನಾನು ಹೇಳುವುದು ಇಷ್ಟೇ: ಒಂದು ವಾರ ಮೊದಲು ಹೋಗಿ, ಫೋನ್ ಸೈಲೆಂಟ್ ಮಾಡಿ, ಹಿಂದಿನ ಬೆಂಚಿನಲ್ಲಿ ಒಂದು ತಾಸು ಕೂತು ಬನ್ನಿ. ಕಟಕಟೆಯಲ್ಲಿ ನಿಂತವರು ಎಲ್ಲಿ ನೋಡುತ್ತಾರೆ, ಪಾಟೀಸವಾಲಿಗೆ ಹೇಗೆ ಉತ್ತರ ಕೊಡುತ್ತಾರೆ ಅಂತ ಕಂಡರೆ ಅರ್ಧ ಹೆದರಿಕೆ ಅಲ್ಲೇ ಇಳಿಯುತ್ತದೆ. ಕಾಕಾ ಹಾಗೇ ಮಾಡಿದರು.

ಸರ್ಟಿಫೈಡ್ ಕಾಪಿ: ನಿಧಾನ, ಆದರೆ ನಿಲ್ಲುವುದು ಇದೇ

ಆ್ಯಪಿನಲ್ಲಿ ತೀರ್ಪಿನ ಪಿಡಿಎಫ್ ಸಿಗುತ್ತದೆ. ಓದಲು ಅದು ಸಾಕು. ಅಪೀಲು ಹಾಕಲು, ಉತಾರ ಬದಲಿಸಲು, ಬ್ಯಾಂಕಿಗೆ ಕೊಡಲು ಕೋರ್ಟಿನ ಮೊಹರು ಇರುವ ನಕಲೇ ಬೇಕು. ಅದು ಸಿಗುವುದು ನಕಲು ವಿಭಾಗದಲ್ಲಿ. ಕೇಸ್ ನಂಬರ್, ಯಾವ ಕಾಗದ, ಅದರ ತಾರೀಖು ಬರೆದು ಅರ್ಜಿ ಕೊಡಬೇಕು. ಅವರು ಪುಟ ಎಣಿಸಿ ಎಷ್ಟು ದುಡ್ಡು ಅಂತ ಹೇಳುತ್ತಾರೆ. ಕಟ್ಟಬೇಕು. ಸಿದ್ಧವಾದ ಮೇಲೆ ಹೋಗಿ ತರಬೇಕು.

ನಕಲು ಕೈಗೆ ಬಂದ ತಕ್ಷಣ ಅದರ ಮೇಲೆ ಹೊಡೆದ ತಾರೀಖುಗಳ ಮೊಹರನ್ನು ನೋಡಿ. ಅರ್ಜಿ ಹಾಕಿದ ದಿನ, ದುಡ್ಡು ಕಟ್ಟಿದ ದಿನ, ನಕಲು ಸಿದ್ಧವಾದ ದಿನ, ಕೈಗೆ ಕೊಟ್ಟ ದಿನ, ಹೀಗೆ ಸಾಲಾಗಿ ಇರುತ್ತವೆ. ನೋಡಲು ಸಣ್ಣದು, ಕೆಲಸ ದೊಡ್ಡದು. ಸಿವಿಲ್ ತೀರ್ಪಿನ ಮೇಲೆ ಜಿಲ್ಲಾ ಕೋರ್ಟಿಗೆ ಅಪೀಲು ಹಾಕಲು 30 ದಿನ, ಹೈಕೋರ್ಟಿಗೆ 90 ದಿನ. ನಕಲು ಪಡೆಯಲು ಹಿಡಿದ ದಿನಗಳನ್ನು ಇದರಲ್ಲಿ ಲೆಕ್ಕ ಹಿಡಿಯುವುದಿಲ್ಲ. ಲಿಮಿಟೇಶನ್ ಕಾಯ್ದೆಯ 12ನೇ ಕಲಮು ಆ ಸವಲತ್ತು ಕೊಡುತ್ತದೆ. ತೀರ್ಪಾದ ಐದನೇ ದಿನ ಅರ್ಜಿ ಹಾಕಿ, ಇಪ್ಪತ್ತು ದಿನಕ್ಕೆ ನಕಲು ಸಿದ್ಧವಾಯಿತು ಅನ್ನಿ, ಆ ಇಪ್ಪತ್ತು ದಿನ ನಿಮಗೆ ಬಿಟ್ಟಿ. ಸಿದ್ಧವಾದ ಮೇಲೆ ಜೋಳದ ರಾಶಿ ಮುಗಿಯಲಿ ಅಂತ ನೀವು ಹದಿನೈದು ದಿನ ಹೋಗಲಿಲ್ಲ ಅನ್ನಿ, ಅದು ನಿಮ್ಮ ತಲೆಯ ಮೇಲೆ. ಹಾಗಾಗಿ ತೀರ್ಪು ಬಂದ ದಿನವೇ, ಅಪೀಲು ಬೇಕೋ ಬೇಡವೋ ಆಮೇಲೆ ನೋಡೋಣ ಅಂತ, ನಕಲಿಗೆ ಅರ್ಜಿ ಕೊಟ್ಟುಬಿಡಿ. ಆ್ಯಪಿನಲ್ಲಿ ಪಿಡಿಎಫ್ ಬರಲಿ ಅಂತ ಕಾಯುವುದು ಇಲ್ಲಿ ದುಬಾರಿ ತಪ್ಪು.

"ಆರ್‌ಟಿಐ ಹಾಕಿದ್ರ ಹತ್ತು ರೂಪಾಯಿದಾಗ ಎಲ್ಲಾ ಬರ್ತೈತಿ" ಅನ್ನುವವರು ಇದ್ದಾರೆ. ಬರುವುದಿಲ್ಲ. ಕೋರ್ಟಿನ ಕೇಸ್ ಫೈಲಿನ ನಕಲು ಬೇಕಾದರೆ ಕೋರ್ಟಿನ ನಿಯಮದಂತೆಯೇ ಅರ್ಜಿ ಹಾಕಬೇಕು ಅಂತ ಸುಪ್ರೀಂ ಕೋರ್ಟ್ 2020ರ ಮಾರ್ಚಿನಲ್ಲಿ ಗುಜರಾತ್ ಹೈಕೋರ್ಟಿನ ಪ್ರಕರಣದಲ್ಲಿ ಹೇಳಿದೆ. ಕೇಸಿನಲ್ಲಿ ಇಲ್ಲದವರು ಕಾರಣ ಹೇಳಿ ಅರ್ಜಿ ಕೊಡಬೇಕಾಗುತ್ತದೆ. ಆರ್‌ಟಿಐ ಇರುವುದು ಕೋರ್ಟಿನ ಆಡಳಿತದ ಮಾಹಿತಿಗೆ: ಎಷ್ಟು ಹುದ್ದೆ ಖಾಲಿ, ಖರ್ಚೆಷ್ಟು, ಇಂಥವಕ್ಕೆ.

ಓದುವವರಿಗೆ, ಎಣಿಸುವವರಿಗೆ

ನಿಮ್ಮ ಕೇಸಿನಂಥ ಬೇರೆ ಕೇಸುಗಳಲ್ಲಿ ಏನಾಗಿದೆ ಅಂತ ತಿಳಿಯಲು 2008ರಿಂದ ಇರುವ ಇಂಡಿಯನ್ ಕಾನೂನ್ ಎಂಬ ವೆಬ್‌ಸೈಟ್ ಚೆನ್ನಾಗಿದೆ. ಸುಪ್ರೀಂ ಕೋರ್ಟಿನ ಇ-ಎಸ್‌ಸಿಆರ್ ಎಂಬ ತೀರ್ಪುಗಳ ಸಂಗ್ರಹ 2023ರಿಂದ ಉಚಿತವಾಗಿದೆ, ಕೆಲವು ತೀರ್ಪುಗಳ ಕನ್ನಡ ಅನುವಾದವೂ ಸಿಗುತ್ತದೆ. ಅನುವಾದ ಬಿಗಿ ಬಿಗಿ ಇದೆ, ಆದರೂ ಇಂಗ್ಲಿಷ್ ಬಾರದವರಿಗೆ ಇಲ್ಲದ್ದಕ್ಕಿಂತ ಮೇಲು. ಯಾವ ಜಿಲ್ಲೆಯಲ್ಲಿ ಎಷ್ಟು ಕೇಸು ಎಷ್ಟು ವರ್ಷದಿಂದ ಕೂತಿವೆ ಅಂತ ನೋಡಲು ನ್ಯಾಷನಲ್ ಜ್ಯುಡಿಶಿಯಲ್ ಡೇಟಾ ಗ್ರಿಡ್ ಇದೆ. ಪತ್ರಕರ್ತರಿಗೂ ವಿದ್ಯಾರ್ಥಿಗಳಿಗೂ ಒಳ್ಳೆಯದು. ಪಕ್ಷಗಾರನಿಗೆ ಅದರಿಂದ ಸಿಗುವುದು ತಾನು ಒಬ್ಬನೇ ಅಲ್ಲ ಅನ್ನುವ ಸಮಾಧಾನ ಮಾತ್ರ.

ಈ ಹುಡುಕಾಟಕ್ಕೆ ಇನ್ನೊಂದು ಮುಖವೂ ಇದೆ. ಹೆಣ್ಣು ನೋಡಲು ಬರುವವರು ಹುಡುಗಿಯ ಹೆಸರು ಹೊಡೆದು ನೋಡುವ ಕಾಲ ಇದು. 2017ರಲ್ಲಿ ಒಬ್ಬ ತಂದೆ ತನ್ನ ಮಗಳ ಹೆಸರು ಹುಡುಕಾಟದಲ್ಲಿ ಬಾರದಿರಲಿ ಅಂತ ಕೇಳಿಕೊಂಡಾಗ, ಹೆಸರು ಕಾಣದಂತೆ ನೋಡಿಕೊಳ್ಳಿ ಅಂತ ಕರ್ನಾಟಕ ಹೈಕೋರ್ಟ್ ತನ್ನ ರಿಜಿಸ್ಟ್ರಿಗೆ ಹೇಳಿತ್ತು. ಮನೆಯ ಹೆಣ್ಣುಮಕ್ಕಳ ಹೆಸರಿರುವ ಸೂಕ್ಷ್ಮ ಕೇಸು ಇದ್ದರೆ, ತೀರ್ಪು ಬರುವ ಮೊದಲೇ ಇದರ ಬಗ್ಗೆ ವಕೀಲರ ಜೊತೆ ಮಾತಾಡಿ. ಬಂದ ಮೇಲೆ ತೆಗೆಸುವುದು ಕಷ್ಟ.

ಇದ್ಯಾವುದೂ ಕೈಗೆ ಹತ್ತದವರಿಗೆ ಕೋರ್ಟ್ ಆವರಣಗಳಲ್ಲೇ ಇ-ಸೇವಾ ಕೇಂದ್ರಗಳನ್ನು ಇಟ್ಟಿದ್ದಾರೆ. ತಾರೀಖು ನೋಡಿ ಹೇಳುತ್ತಾರೆ, ನಕಲಿಗೆ ಅರ್ಜಿ ಹಾಕಲು ನೆರವಾಗುತ್ತಾರೆ. ವಕೀಲರೇ ಇಲ್ಲದವರು 15100ಕ್ಕೆ ಫೋನ್ ಮಾಡಿದರೆ ಕಾನೂನು ಸೇವಾ ಪ್ರಾಧಿಕಾರ ಸಿಗುತ್ತದೆ. ಹೆಣ್ಣುಮಕ್ಕಳಿಗೆ ಆದಾಯದ ಮಿತಿ ಇಲ್ಲದೆ ಉಚಿತ ನೆರವಿದೆ. ಅಂಗಡಿಯವನು ನಾನೇ ಹೇಳುತ್ತಿದ್ದೇನೆ: ಬರೀ ತಾರೀಖು ನೋಡಲು ನಮ್ಮಂಥವರಿಗೆ ಇಪ್ಪತ್ತು ರೂಪಾಯಿ ಕೊಡುವ ಅಗತ್ಯ ಇಲ್ಲ.

ಕಾಕಾ ಈಗ ಸಿಎನ್‌ಆರ್ ಬರೆದ ಆ ಕಾರ್ಡನ್ನು ಬ್ಯಾಂಕ್ ಪಾಸ್‌ಬುಕ್ಕಿನ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡಿದ್ದಾರೆ. ತಾರೀಖಿನ ಹಿಂದಿನ ಸಂಜೆ ಮೆಸೇಜ್ ಕಳಿಸುತ್ತಾರೆ. ಬಂದ ಉತ್ತರವನ್ನು ಎಂಟನೇ ಇಯತ್ತೆಯ ಮೊಮ್ಮಗಳು ಓದಿ ಹೇಳುತ್ತಾಳೆ. ಹೋದ ತಿಂಗಳು ಅವಳು "ಅಜ್ಜಾ, ಆರ್ಗ್ಯುಮೆಂಟ್ಸ್ ಅಂತ ಬಂದೈತಿ" ಅಂದಳಂತೆ. ಸಾಕ್ಷಿ ಮುಗಿದು ವಾದಕ್ಕೆ ಬಂತು ಅಂತ ಕಾಕಾನೇ ಅವಳಿಗೆ ಬಿಡಿಸಿ ಹೇಳಿದರಂತೆ. ಮರುದಿನ ಆರರ ಬಸ್ಸು ತಪ್ಪಿಸಲಿಲ್ಲ.